ಲುಬ್ಧಕನ ಕಪ್ಪು ಗೆರೆ

ಸಹಕಾರನಗರದ ನಮ್ಮ ಎದುರುಮನೆಯ ಮೇಡಂ ಹಲ್ಲಿನ ಡಾಕ್ಟರು. ಸಂಜೆ ಕ್ಲಿನಿಕ್ ಮುಚ್ಚಿ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾರಸಿ ಹತ್ತುತ್ತಿದ್ದರು. ಅಲ್ಲಿ ಅವರದೊಂದು ಟೆಲಿಸ್ಕೋಪ್ ಇತ್ತು. ಅದಕ್ಕೆ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗಾಜಿನ ಬಿಲ್ಲೆ ಕೂರಿಸಿದ್ದರು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಇಲ್ಲಿ ಬಾಯಿ ಮುಚ್ಚಿ, ಕಣ್ಣು ಬಿಡಿ."

ಒಂದು ಚಳಿಗಾಲ ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಏಳತೊಡಗಿತು. ಅಲ್ಲಿನ ಫ್ಲಡ್‌ಲೈಟಿಗೆ ಅವರ ಆಕಾಶವೇ ಬೆಳ್ಳಗಾಯಿತು. ದೂರು ಕೊಡಿ ಎಂದೆವು. ಮೇಡಂ ಅದನ್ನು ಕಟ್ಟಿಸುತ್ತಿದ್ದ ಜಕ್ಕೂರಿನ ಬಿಲ್ಡರನ್ನೇ ತಾರಸಿಗೆ ಕರೆದು, ಲುಬ್ಧಕ ನಕ್ಷತ್ರ ತೋರಿಸಿದರು.

"ಬಣ್ಣದ ಪಟ್ಟಿ ಮಧ್ಯೆ ಕಪ್ಪು ಗೆರೆ ಕಾಣುತ್ತಾ? ಅದು ನಕ್ಷತ್ರದಲ್ಲಿರೋ ಹೈಡ್ರೋಜನ್ ಬೆಳಕು ನುಂಗಿದ ಗುರುತು. ನಾವು ಕುಡಿಯೋ ನೀರಲ್ಲೂ ಅದೇ ಇರೋದು."

"ಎಲ್ಲಮ್ಮಾ? ಬರೀ ಬೆಳಕು."

"ಅದು ನಿಮ್ ಲೈಟು ಕಣ್ರೀ!"

ಬಿಲ್ಡರ್ ನಕ್ಕು, ವಾಚ್‌ಮನ್‌ಗೆ ಫೋನ್ ಮಾಡಿ ದೀಪ ಆರಿಸಿದರು. ಮತ್ತೆ ಕಣ್ಣಿಟ್ಟವರು, "ಅಯ್ಯಯ್ಯಪ್ಪಾ! ಗೆರೆ ಐತೆ ಕಣಮ್ಮಾ, ಇಂಗೂ ಇರ್ತದಾ!" ಎಂದು ಕೂಗಿದರು.

ಮರುದಿನವೇ ಆ ದೀಪ ನೆಲದ ಕಡೆಗೆ ತಿರುಗಿತು. ಆಮೇಲೆ ಮೇಡಂಗೆ ಉಳಿದದ್ದು ಒಂದೇ ಕಷ್ಟ: ದಿನಾ ಸಂಜೆ ತಾರಸಿಗೆ ಬಂದು ಕೂರುವ ಬಿಲ್ಡರ್ ಕುರ್ಚಿ ಬಿಟ್ಟು ಏಳುವವರೆಗೆ ತಮ್ಮ ಟೆಲಿಸ್ಕೋಪಿಗೆ ತಾವೇ ಕಾಯಬೇಕಿತ್ತು.