ಮಧ್ಯದ ಕುರ್ಚಿಯ ಅಕ್ಕ

ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಕಂಪ್ಯೂಟರುಗಳಿವೆ ಎಂದು ನಂಬಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಅದರಲ್ಲಿ ಅತಿ ಕಷ್ಟದ, ಯಾರೂ ಹೊಗಳದ ಭಾಗವೆಂದರೆ ಇಂಟರಪ್ಟ್ ಕಂಟ್ರೋಲರ್. ಡಿಸ್ಕ್ ಆಗಲಿ ನೆಟ್‌ವರ್ಕ್ ಆಗಲಿ ತನ್ನ ಕೆಲಸಕ್ಕಾಗಿ ಕರೆದಾಗ, ಯಾರ ಕರೆಯನ್ನು ಪ್ರೊಸೆಸರಿಗೆ ಮೊದಲು ಮುಟ್ಟಿಸಬೇಕೆಂದು ತೀರ್ಮಾನಿಸುವ ಚಿಪ್ ಅದು. ನಮ್ಮಲ್ಲಿ ಚಿಪ್ ಇಲ್ಲ, ಅದರ ವೇಷ ಹಾಕಿದ ಕೋಡ್ ಇದೆ. ಆ ಕೋಡನ್ನು ಮೊದಲ ಸಾಲಿನಿಂದ ಬರೆದು ಇಷ್ಟು ವರ್ಷ ಸಾಕಿದವರು, ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ಇಂಜಿನಿಯರ್. ಅವರಿಗೆ ಸಮಾನರಿಲ್ಲವೆಂದು ಬರೆಯುವಾಗ ನನಗೆ ಹೆಮ್ಮೆಯಾಗಬೇಕಿತ್ತು. ಆಗುತ್ತಿರುವುದು ಹೊಟ್ಟೆಕಿಚ್ಚು.

ಅವರ ಯಜಮಾನರಿಗೂ ಇದೇ ಕಾಯಿಲೆ. "ನಾನು ಕೂಗಿದ್ರೆ ಇವಳಿಗೆ ಕಿವಿ ಕೇಳಲ್ಲ, ಆ ಮಿಷನ್ ಕೂಗಿದ್ರೆ ಎದ್ದು ಓಡ್ತಾಳೆ" ಎಂದು ಒಮ್ಮೆ ನಮ್ಮೆದುರೇ ದೂರಿದ್ದರು.

ನಾನು ಸೇರಿದ ಹೊಸತರಲ್ಲಿ ಎಸಿ ಗಾಳಿಗೆ ನಡುಗುವುದನ್ನು ಕಂಡು, ತಮ್ಮ ಸ್ವೆಟರ್ ಕೊಟ್ಟು, ಜಾಗವನ್ನೂ ಬದಲಾಯಿಸಿಕೊಂಡವರು ಅಕ್ಕ. ಅದೇ ಸ್ವೆಟರ್ ಮುಂದೊಂದು ದಿನ ನನ್ನ ಜೊತೆಗೇ ಸೇರಿದ ಮೌನಿಯ ಹೆಗಲ ಮೇಲೆ ಕಂಡಾಗ ನನಗೆ ಊಟ ಸೇರಲಿಲ್ಲ. ಮೌನಿ ಎಂಬ ಹೆಸರು ನಾನೇ ಇಟ್ಟದ್ದು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗ.

ಕೋಡ್ ಎಲ್ಲಾದರೂ ಸಿಕ್ಕಿಕೊಂಡರೆ ಅಕ್ಕ ಕಾರಿಡಾರಿನಲ್ಲಿ ಮೂರು ಕುರ್ಚಿ ಹಾಕಿಸುತ್ತಿದ್ದರು. ನಮ್ಮಲ್ಲೇ ಒಬ್ಬೊಬ್ಬರು ಒಂದೊಂದರ ಪಾತ್ರ: ಒಂದರಲ್ಲಿ ಡಿಸ್ಕ್, ಇನ್ನೊಂದರಲ್ಲಿ ಪ್ರೊಸೆಸರ್, ಮಧ್ಯದಲ್ಲಿ ಕಂಟ್ರೋಲರ್. ಡಿಸ್ಕ್ ಕೈ ಎತ್ತಬೇಕು, ಕಂಟ್ರೋಲರ್ ಪ್ರೊಸೆಸರಿನ ಭುಜ ತಟ್ಟಬೇಕು, ಪ್ರೊಸೆಸರ್ ಕೆಲಸ ಮಾಡಿ "ಆಯ್ತು" ಅನ್ನಬೇಕು. ಮಧ್ಯದ ಕುರ್ಚಿ ಸದಾ ಅಕ್ಕನದು, ನಾನು ಸದಾ ಡಿಸ್ಕ್. ಅಕ್ಕ ಹೋದ ಮೇಲೆ ಆ ಕುರ್ಚಿಯೂ ಆ ಕೋಡೂ ನನಗೇ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ.

ಹೋದ ತಿಂಗಳು ಅಲ್ಲಿ ಮೌನಿಯನ್ನು ಕೂರಿಸಿದರು. ವೇಗಕ್ಕೆಂದು ಅವನು ತಿದ್ದಿ ಬರೆದ ಕೋಡಿನಲ್ಲಿ ಡಿಸ್ಕ್ ಆಗಾಗ ಸುಮ್ಮನೆ ನಿಂತುಬಿಡುತ್ತಿತ್ತು. ನಿನ್ನ ಕೋಡ್ ಏನು ಮಾಡುತ್ತೋ ಹಾಗೇ ಮಾಡು ಎಂದು ಅಕ್ಕ ಅವನಿಗೆ ಹೇಳಿದರು. ನಾನು ಕೈ ಎತ್ತಿದೆ, ಅವನು ಭುಜ ತಟ್ಟಿದ, ಪ್ರೊಸೆಸರ್ ಆಗಿದ್ದ ಮ್ಯಾನೇಜರ್ "ಆಯ್ತು" ಎಂದರು, ಮೌನಿ ಆರಾಮಾಗಿ ಒರಗಿಕೊಂಡ. ಎಲ್ಲರೂ ಏಳತೊಡಗಿದರು.

"ಲೇ ಮೌನಿ, ಅವಳ ಕಡೆ ನೋಡೋ. ಕೈ ಇನ್ನೂ ಮೇಲೇ ಇದೆ."

"ಆಯ್ತು ಅಂದ್ರಲ್ಲಕ್ಕಾ?"

"ಒಂದು ಕೆಲಸ ಆಯ್ತು ಅಂದ್ರು. ಅವಳಿಗೆ ಇನ್ನೊಂದಿತ್ತೋ ಏನೋ. ಆಯ್ತು ಅಂದ ಮೇಲೆ ಇನ್ನೊಂದ್ಸಲ ತಿರುಗಿ ನೋಡ್ಬೇಕಾದೋರು ನಾವೇ ಅಲ್ವೇನೋ?"

ಅವನ ಕೋಡಿನ ತಪ್ಪೂ ಅಲ್ಲೇ ಇತ್ತು. ಅವನು ಸಂಜೆಯೊಳಗೆ ಸರಿಪಡಿಸಿದ. ಮರುದಿನ ಅಕ್ಕ ತಮ್ಮ ಕೋಡನ್ನು ಒಪ್ಪಿಸಿದ್ದು ಅವನಿಗೆ.

ಕಪ್ ತೊಳೆಯುವ ನಲ್ಲಿಯ ಹತ್ತಿರ ಅಕ್ಕನನ್ನು ತಡೆದು, ಮರೆತವನು ಅವನು, ತಪ್ಪನ್ನು ಹಿಡಿದುಕೊಟ್ಟಿದ್ದು ನನ್ನ ಕೈ, ಕುರ್ಚಿ ಮಾತ್ರ ಅವನಿಗಾ ಎಂದು ಕೇಳಿಯೇಬಿಟ್ಟೆ.

"ನೀನು ಅಲ್ಲಿ ಕೂತ್ರೆ ಯಾರು ಮಾತಾಡಿದ್ರೂ ಮಧ್ಯೆ ಬಾಯಿ ಹಾಕ್ತೀಯ ಕಣೇ. ಅವನು ಎಲ್ಲರದ್ದೂ ಕೇಳಿಸ್ಕೋತಾನೆ. ನೋಡೋದು ಮರೀತಾನೆ, ಅಷ್ಟೆ. ಅದಕ್ಕೇ ನೀನು ಎದುರಿಗಿರು. ಅವನು ನೋಡೋವರೆಗೂ ಕೈ ಇಳಿಸ್ಬೇಡ."

ಸಮಾಧಾನ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಅಕ್ಕ ನೂರು ಕಾಲ ಗಟ್ಟಿಯಾಗಿ ಬಾಳಲಿ, ಮನೆಯಲ್ಲಿ ಕೂತೂ ಕೋಡ್ ಬರೆಯಲಿ, ನಡುನಡುವೆ ಯಜಮಾನರ ಕೂಗೂ ಕೇಳಿಸಲಿ. ನಾಳೆಯಿಂದ ಮಧ್ಯದಲ್ಲಿ ಮೌನಿ ಕೂರುತ್ತಾನೆ, ನಾನು ಹೊಟ್ಟೆ ಉರಿದುಕೊಂಡೇ ಎದುರಿಗೆ ಕೂರುತ್ತೇನೆ. ಇವತ್ತು ಭಾಷಣಗಳು ಮುಗಿದು, ಎಲ್ಲರೂ "ಆಯ್ತು" ಎಂದು ಏಳುವಾಗ, ಅಕ್ಕಾ, ಒಂದು ಸಲ ನಾನು ಕೂತಿರುವ ಹಿಂದಿನ ಸಾಲಿನ ಕಡೆ ತಿರುಗಿ ನೋಡಿ.