ಕೊನೆಯಿಂದ ತೆರೆದ ಆಲ್ಬಂ

ಮದುವೆ ಆಲ್ಬಂ ಮಾಡಿ ಮಾಡಿ ಸವಿತಾಳಿಗೆ ಮದುವೆಗಳೆಂದರೇ ಸಾಕುಸಾಕಾಗಿತ್ತು. ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಫೋಟೋದವರು ಪೆನ್ ಡ್ರೈವ್ ತಂದುಕೊಟ್ಟು ಕೈತೊಳೆದುಕೊಳ್ಳುವರು. ಸವಣೂರಿನ ಬಸ್ ನಿಲ್ದಾಣದ ಹಿಂದಿನ ಖೋಲಿಯಲ್ಲಿ ಇವಳು ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸಬೇಕು, ಅಚ್ಚಾಗಿ ಬಂದ ಹಾಳೆಗಳನ್ನು ಅಂಟಿಸಿ ರಟ್ಟು ಕಟ್ಟಬೇಕು. ಯಾವ ಊರಿನ ಜೋಡಿಯಾದರೂ ಹಿನ್ನೆಲೆಗೆ ಅದೇ ಗುಲಾಬಿ, ಯಾರೂ ಕಂಡಿರದ ಅದೇ ಹಿಮದ ಬೆಟ್ಟ. ಚಿಕ್ಕೇರೂರಿನಿಂದ ಸೊಸೆಯಾಗಿ ಬಂದು ಈ ಕೆಲಸ ಕಲಿತ ಹೊಸದರಲ್ಲಿ ಏನಾದರೂ ಬೇರೆ ಮಾಡುವ ಹುಕಿ ಇತ್ತು. “ಅಕ್ಕಾರ, ಶಾಣ್ಯಾತನ ಬ್ಯಾಡ್ರಿ, ಮಂದಿ ಕೇಳೂದು ಇದನ್ನ,” ಎಂದು ಫೋಟೋದವರೇ ಆ ಹುಕಿ ಇಳಿಸಿದ್ದರು. ಈಗ ಕಣ್ಣುರಿ, ಬೆನ್ನುನೋವು, ಇಷ್ಟೇ ಅವಳ ಪಾಲಿಗೆ.

ಹೆಣ್ಣುಮಕ್ಕಳ ಫೋಟೋ ಪರ ಗಂಡಸರ ಕೈಗೆ ಹೋಗಬಾರದೆಂದು ಕೆಲವು ಮುಸ್ಲಿಂ ಮನೆಯವರು ನೇರವಾಗಿ ಇವಳಲ್ಲಿಗೇ ಬರುತ್ತಿದ್ದರು. ಮುಮ್ತಾಜಬೇಗಂ ಹಾಗೆ ಬಂದವರು. ಮಗಳು ಸಾಯಿಮಾಳ ಆಲ್ಬಂ ಸಿದ್ಧವಾಗಿ ಬಹಳ ದಿನವಾದರೂ ಯಾರೂ ಒಯ್ದಿರಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಇವತ್ತು ತಾಯಿಯೇ ಬಂದು ಎದುರಿಗೆ ಕೂತಾಗ ಸವಿತಾ ಆಲ್ಬಂ ತಂದು ಅವರ ಕೈಗೆ ಕೊಟ್ಟಳು.

ಬೇಗಂ ಆಲ್ಬಂ ಅನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ರಟ್ಟಿನಿಂದಲೇ ತೆರೆದರು. ಉರ್ದು ಓದಿದವರಿಗೆ ಪುಸ್ತಕ ಶುರುವಾಗುವುದೇ ಆ ಕಡೆಯಿಂದ.

“ಈ ಕಡಿಂದ ಅಲ್ರಿ ಅಮ್ಮಾರ…” ಎಂದು ಕೈಚಾಚಿದ ಸವಿತಾ ಕೈ ಹಿಂದೆಗೆದುಕೊಂಡಳು. ಅವಳು ಕೊನೆಗೆ ಇಟ್ಟಿದ್ದ ಬೀಳ್ಕೊಡುಗೆ ಮೊದಲು ಬಂದಿತ್ತು. ಕಾರಿನಲ್ಲಿ ಅಳುತ್ತ ಕೂತಿದ್ದ ಸಾಯಿಮಾ ಪುಟ ತಿರುವಿದಂತೆ ಕಾರಿನಿಂದ ಇಳಿದಳು, ಬಾಗಿಲಲ್ಲಿ ತಾಯಿಯನ್ನು ತಬ್ಬಿದಳು. ನಿಕಾಹ್ ಹಿಂದೆ ಸರಿಯಿತು, ಮೆಹಂದಿ ಹಿಂದೆ ಸರಿಯಿತು. ಆಮೇಲೆ ಮುಖಕ್ಕೆಲ್ಲ ಅರಿಷಿಣ ಮೆತ್ತಿಕೊಂಡು, ತನ್ನ ಮನೆಯ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು.

“ಮನಿಗೆ ಬಂದ್ಲು ನೋಡ, ಬೇಟಿ,” ಎಂದರು ಬೇಗಂ.

ಇಷ್ಟು ವರ್ಷ ಪುಟ ಜೋಡಿಸಿದರೂ, ಜೋಡಿಸುವುದರಲ್ಲಿ ಇಂಥದ್ದೊಂದು ಇದೆಯೆಂದು ಸವಿತಾಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆದರೆ ಅವಳು ಮೊದಲಿಗೆ ಇಟ್ಟಿದ್ದ ಹಾಳೆ ಇನ್ನೂ ಉಳಿದಿತ್ತು. ಎರಡು ಪುಟ ತುಂಬ ಗಂಡು-ಹೆಣ್ಣಿನ ಹೆಸರು, ತಾರೀಖು, ಮನೆಯ ಮುಂದೆ ಕಾಯುತ್ತ ನಿಂತ ಹೂವಿನ ಕಾರು. ಬೇಗಂ ಅವರ ಮುಖ ಬಾಡಿತು. “ಕಾರ್ ಮತ್ತ ಬಂದೈತಿ. ಇದೊಂದ್ ಹಾಳಿ ತಗದ್ ಕೊಡ್ತಿ?”

“ತಗಿಯಾಕ ಬರೂದಿಲ್ರಿ. ಇದರ ಬೆನ್ನಿಗೆ ಅರಿಷಿಣದ ಹಾಳಿ ಬೆನ್ನು ಹಚ್ಚಿ ಅಂಟ್ಸಿರ್ತೇವ್ರಿ. ಇದನ್ನ ಹರದ್ರ ಸಾಯಿಮಾನೂ ಹರೀತಾಳ್ರಿ.”

ಸವಿತಾ ನಡುವಿಗೆ ಕೈಕೊಟ್ಟು ಎದ್ದು, ಗೋಂದಿನ ಡಬ್ಬಿ ತಂದು ಆ ಎರಡೂ ಪುಟಗಳಿಗೆ ಬಳಿದಳು. ಒಂದಕ್ಕೊಂದು ಮುಖ ಸೇರಿಸಿ ಮುಚ್ಚಿದಳು. ಕಾರು ಒಳಗೇ ಉಳಿಯಿತು.

“ಒಣಗೂ ತನಕಾ ಗಟ್ಟಿ ಒತ್ತಿ ಹಿಡೀಬೇಕ್ರಿ ಅಮ್ಮಾರ.”

“ನಾ ಹಿಡೀತೇನಿ ಬಿಡ.”

ಬೇಗಂ ಎರಡೂ ಅಂಗೈ ಊರಿ, ಮಗಳು ಇನ್ನೊಮ್ಮೆ ಹೊರಟು ಹೋಗದಂತೆ, ಒತ್ತಿ ಹಿಡಿದು ಕೂತರು.