ಕಾಡುಕುರಿಗೆ ಎಂಟು ಪಾಯಿಂಟ್

ಕೊಲ್ಲಿ ನಾಡಿನ ಬನಿಯಾಸ್‌ನಲ್ಲಿರುವ ನಮ್ಮ ಟೈಪಿಂಗ್ ಅಂಗಡಿಗೆ ವೀಸಾ, ಬಾಡಿಗೆ ಕರಾರು ಬಿಟ್ಟರೆ ಬೇರೆ ಕೆಲಸ ಬರುವುದು ಅಪರೂಪ. ಅವತ್ತು ಒಬ್ಬರು ಅರಬ್ ಮುದುಕರು ಬಂದು, ಅಮೆರಿಕದ ಕಾಡುಕುರಿ ಬೇಟೆಯ ಪರವಾನಗಿಗೆ ಅರ್ಜಿ ತುಂಬಿಸು ಎಂದು ಹರಕು ಹಿಂದಿಯಲ್ಲಿ ಹೇಳಿದರು. ಪರವಾನಗಿ ಕೆಲವೇ ಕೆಲವು, ಚೀಟಿ ಎತ್ತಿ ಕೊಡುತ್ತಾರಂತೆ. ಸಿಗದವರಿಗೆ ವರ್ಷಕ್ಕೊಂದು ಪಾಯಿಂಟ್. ಪಾಯಿಂಟ್ ಹೆಚ್ಚಿದ್ದವರಿಗೆ ಮೊದಲ ಸರದಿ. ಸೋತದ್ದಕ್ಕೂ ಮಾರ್ಕು ಕೊಡುವ ಊರು! ಕುತೂಹಲ ತಡೆಯಲಾರದೆ ಅವರ ಹಳೆಯ ಅರ್ಜಿಗಳನ್ನೆಲ್ಲ ತೆರೆದು ನೋಡಿದೆ.

ಎಂಟು ವರ್ಷವೂ 'ಪಾಯಿಂಟ್ ಮಾತ್ರ ಸಾಕು, ಚೀಟಿಗೆ ಸೇರಿಸಬೇಡಿ' ಎಂಬಲ್ಲೇ ಗುರುತು ಬಿದ್ದಿತ್ತು. ಹಿಂದೆ ತುಂಬಿದವನು ಎಡವಟ್ಟು ಮಾಡಿದ್ದಾನೆ ಎಂದುಕೊಂಡೆ.

"ಬಾಬಾ, ನಿಮ್ಮ ಹೆಸರು ಒಮ್ಮೆಯೂ ಚೀಟಿಗೇ ಹೋಗಿಲ್ಲ. ಇಷ್ಟು ಪಾಯಿಂಟ್ ಇದ್ದವರಲ್ಲಿ ಹೋದ ವರ್ಷ ಅರ್ಧಕ್ಕರ್ಧ ಜನರಿಗೆ ಸಿಕ್ಕಿದೆ. ಈ ಸಲ ಸೇರಿಸಲಾ?"

"ಗೊತ್ತು, ನಾನೇ ಹೇಳಿ ಹಾಕಿಸಿದ್ದು" ಎಂದು ಅವರು ಮೊಣಕಾಲು ನೀವಿಕೊಂಡರು. "ಸಿಕ್ಕಿದರೆ ಪಾಯಿಂಟೆಲ್ಲ ಖಲಾಸ್. ಗುಡ್ಡ ಬೇರೆ ಹತ್ತಬೇಕು. ಈ ವರ್ಷವೂ ಪಾಯಿಂಟೇ ಇರಲಿ."

ನನಗೆ ನಗು ಬಂತು. ಅದನ್ನು ಕಂಡು ಅವರು, "ನೀನು ಊರಿಗೆ ವಾಪಸ್ ಹೋಗುವುದು ಯಾವಾಗ?" ಎಂದು ಕೇಳಿದರು.

"ಬರುವ ವರ್ಷ, ಬಾಬಾ. ಗ್ಯಾರಂಟಿ."

"ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?"

"ಹತ್ತೊಂಬತ್ತು."

"ಹಾಗಾದರೆ ನಿನ್ನ ಪಾಯಿಂಟ್ ನನಗಿಂತ ಜಾಸ್ತಿ" ಎಂದು ಎದ್ದು ಹೋದರು.

ಮರುವಾರ ನನ್ನ ವೀಸಾ ನವೀಕರಣದ ಅರ್ಜಿಯನ್ನೂ ನಾನೇ ಟೈಪ್ ಮಾಡಿದೆ, ಒಂದಕ್ಷರವೂ ತಪ್ಪದೆ.